ಗುಂಡನಿಗೆ ಹತ್ತಿದ ಉಣ್ಣೆ

ಕನ್ನಡಕದಂಗಡಿಯ ಹಿಂಬದಿ ಕೋಣೆಯಲ್ಲಿ ಅವಳು ಇಪ್ಪತ್ತಾರು ವರ್ಷದಿಂದ ಗಾಜು ಉಜ್ಜುತ್ತಿದ್ದಳು. ತಿರುಗುವ ಕಲ್ಲಿಗೆ ಗಾಜಿನ ಅಂಚು ಹಿಡಿದು, ಫ್ರೇಮಿಗೆ ಕೂರಿಸಿ, ದೀಪಕ್ಕೆ ಎತ್ತಿ ನೋಡಿದಳೆಂದರೆ ಕೂದಲೆಳೆಯಷ್ಟು ಗೀರೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಇಂಥ ಕಣ್ಣಿದ್ದೂ ಗಂಡನನ್ನು ಮಾತ್ರ ಮದುವೆಗೆ ಮುಂಚೆ ಸರಿಯಾಗಿ ನೋಡದೇ ಹೋದೆ ಎಂದು ಜೊತೆಯವರಿಗೆ ಹೇಳುತ್ತಿದ್ದಳು. ಕೇಳಿದವರು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಗಂಡ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ವರ್ಷಕ್ಕೆ ನಾಲ್ಕು ಭಾನುವಾರ ನಾಯಿ ಪ್ರದರ್ಶನದಲ್ಲಿ ತೀರ್ಪುಗಾರ. ಆ ನಾಲ್ಕು ಭಾನುವಾರಗಳ ಗತ್ತಿನಲ್ಲೇ ಉಳಿದ ವರ್ಷವೆಲ್ಲ ನಡೆಯುತ್ತಿತ್ತು. ಬೀದಿಯವರು ‘ಜಡ್ಜ್ ಸಾಹೇಬ್ರು’ ಅನ್ನುತ್ತಿದ್ದದ್ದು ಗೇಲಿಗೆಂದು ಇಡೀ ಬೀದಿಗೆ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು. ಮನೆಗೆ ಬಂದ ನೆಂಟರನ್ನೂ ಅವನು ಭುಜ, ಬೆನ್ನು, ಹಲ್ಲು ಎಂದು ಅಳೆಯುತ್ತಿದ್ದ. “ನಿಮ್ಮಣ್ಣ ಆಳು ಪರವಾಗಿಲ್ಲ, ಹಿಂಗಾಲು ಮಾತ್ರ ವೀಕು,” ಎಂದು ಒಮ್ಮೆ ಅವಳಿಗೇ ಹೇಳಿದ್ದ.

ಮನೆಯಲ್ಲಿದ್ದದ್ದು ಒಂದೇ ನಾಯಿ. ಕಾಗದಪತ್ರದಲ್ಲಿ ಅದರ ಹೆಸರು ರೈಲಿನಷ್ಟು ಉದ್ದ. ಅವಳ ಪಾಲಿಗೆ ಅದು ಗುಂಡ.

ಗುಂಡ ಎರಡು ದಿನದಿಂದ ತಟ್ಟೆ ಮೂಸಿ ಹಾಗೇ ಬಿಟ್ಟು ಹೋಗುತ್ತಿತ್ತು. ಮೂರನೆಯ ಸಂಜೆ ಅವಳು ಅಂಗಡಿಯಿಂದ ಬಂದಾಗ ಬಾಗಿಲಿಗೂ ಬರಲಿಲ್ಲ. ಪಕ್ಕದಲ್ಲಿ ಕೂತು ಸವರಿದರೆ ಮೈ ಕೆಂಡ. ಹೊಟ್ಟೆಯ ಮೇಲೆ, ಕೂದಲಿಲ್ಲದ ಕಡೆ, ಗುಂಡುಸೂಜಿಯ ಮೊನೆಯಷ್ಟೇ ಕೆಂಪು ಚುಕ್ಕೆಗಳು. ಬೆರಳಿಂದ ಒತ್ತಿ ನೋಡಿದಳು. ಮಾಸಲಿಲ್ಲ.

“ರೀ, ಚರ್ಮದ ಒಳಗೇ ರಕ್ತ ಜಿನುಗಿದ ಹಾಗಿದೆ. ಉಣ್ಣೆ ಗಿಣ್ಣೆ ಕಚ್ಚಿರಬಹುದಾ?”

ಅವನು ಪೇಪರು ಮಡಿಸಲಿಲ್ಲ. “ಅದು ಬೆವರುಸಾಲೆ. ಉಣ್ಣೆ ಹತ್ತೋದು ಬೀದಿ ನಾಯಿಗೆ. ಇವನ ತಾತ ಯಾರು ಅಂತ ಗೊತ್ತಾ ನಿಂಗೆ?”

“ನಂಗೆ ಗೊತ್ತು. ಉಣ್ಣೆಗೆ ಗೊತ್ತಾ?”

ನಾಯಿಗೆ ಬೆವರುಸಾಲೆ ಬಂದದ್ದನ್ನು ಭೂಮಿಯ ಮೇಲೆ ಮೊದಲು ಕಂಡುಹಿಡಿದವನು ತನ್ನ ಗಂಡನೇ ಇರಬೇಕು ಎಂದುಕೊಂಡು ಅವಳು ಎದ್ದಳು. ಮರುದಿನ ಬೆಳಿಗ್ಗೆ ಗುಂಡನ ಮೂಗಿನಿಂದ ರಕ್ತ ಬಂತು. ಅಂಗಡಿಗೆ ರಜೆ ಹೇಳಿ, ಹಳೇ ಟವೆಲಿನಲ್ಲಿ ಸುತ್ತಿ, ಒಬ್ಬಳೇ ಬಾಡಿಗೆ ಗಾಡಿಯಲ್ಲಿ ಪಶು ಆಸ್ಪತ್ರೆಗೆ ಒಯ್ದಳು.

ಡಾಕ್ಟರಮ್ಮ ಗಂಬೂಟು ಕಳಚುತ್ತಿದ್ದರು. ರಕ್ತ ತೆಗೆದು, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ, “ನೀವೂ ನೋಡಿ,” ಅಂದರು. ಬಿಳಿ ರಕ್ತಕಣವೊಂದರ ಒಳಗೆ ಹಿಪ್ಪುನೇರಳೆ ಹಣ್ಣಿನಂಥ ಪುಟ್ಟ ಗೊಂಚಲು. “ಇವೇ ಬ್ಯಾಕ್ಟೀರಿಯಾ. ಉಣ್ಣೆ ಕಚ್ಚಿದಾಗ ಒಳಗೆ ಸೇರ್ಕೊಂಡಿವೆ. ರಕ್ತ ಹೆಪ್ಪುಗಟ್ಟಿಸೋ ಕಣಗಳು ಇವನಿಗೆ ಲೆಕ್ಕಕ್ಕೇ ಇಲ್ಲ.”

ಅಷ್ಟರಲ್ಲಿ ಗಂಡ ಕೋಟು ತೊಟ್ಟು ಬಂದ. ಗಾಜು ಅದಲುಬದಲಾಗಿರಬೇಕು, ತನ್ನ ನಾಯಿಯ ವಂಶಾವಳಿಯ ಪ್ರತಿ ಬೇಕಾದರೆ ತೋರಿಸುತ್ತೇನೆ ಎಂದ.

“ಈಗ ತಾನೇ ಲಾಯದಿಂದ ಬಂದೆ ಸಾರ್,” ಅಂದರು ಡಾಕ್ಟರಮ್ಮ. “ಅಲ್ಲೊಂದು ಕುದುರೆಗೂ ಉಣ್ಣೆಯಿಂದಲೇ ಜ್ವರ. ಕ್ರಿಮಿ ಬೇರೆ, ಆದ್ರೆ ಇದಕ್ಕೆ ದಾಯಾದಿ. ಕಾಲು ಕಂಬದ ಹಾಗೆ ಊದಿದೆ. ಅದರ ಯಜಮಾನ್ರೂ ಮೊದಲು ತಾತನ ಹೆಸರೇ ಹೇಳಿದ್ರು.”

ನಾಲ್ಕು ವಾರ ಮಾತ್ರೆ, ಊಟದ ಜೊತೆ. ಚೆನ್ನಾಗಿ ಕಂಡ ಅಂತ ನಡುವೆ ನಿಲ್ಲಿಸಬಾರದು. ಮನೆಯನ್ನೂ ಹುಡುಕಬೇಕು, ಈ ಉಣ್ಣೆ ಗೋಡೆಯ ಸಂದಿಯಲ್ಲೂ ಸಂಸಾರ ಹೂಡುತ್ತದೆ ಎಂದು ಹೇಳಿ ಕಳಿಸಿದರು.

ಅವಳು ಅಂದೇ ಹುಡುಕಿದಳು. ಗುಂಡ ಮಲಗುತ್ತಿದ್ದ ಕೋಣೆಯ ಗೋಡೆ ತುಂಬ ಗಂಡನ ಪ್ರಶಸ್ತಿಪತ್ರಗಳು ಕಟ್ಟು ಹಾಕಿಸಿಕೊಂಡು ನೇತಾಡುತ್ತಿದ್ದವು. ಮೊದಲನೆಯದನ್ನು ಇಳಿಸಿ ತಿರುಗಿಸಿದಳು. ರಟ್ಟಿನ ಅಂಚಿಗೆ ಕಂದು ಉಣ್ಣೆಗಳು ಸಾಲಾಗಿ ಅಂಟಿದ್ದವು. ಕೆಲವು ಸಾಸಿವೆಯಷ್ಟು, ಕೆಲವು ರಕ್ತ ಕುಡಿದು ಬಟಾಣಿಯಷ್ಟು. ಎರಡನೆಯದರ ಹಿಂದೆಯೂ ಅದೇ. ಗಂಡ ಕೋಟಿನಲ್ಲಿ ಎದೆಯುಬ್ಬಿಸಿ ನಿಂತ ದೊಡ್ಡ ಫೋಟೋದ ಹಿಂದೆ ಜಾತ್ರೆಯೇ ನೆರೆದಿತ್ತು.

“ರೀ, ಬನ್ನಿ ಇಲ್ಲಿ. ನಿಮ್ಮ ಅಭಿಮಾನಿಗಳು ಬಂದಿದಾರೆ.”

ಅವನು ಬಂದು ನೋಡಿದ. ಮುಖ ಸುಣ್ಣವಾಯಿತು. “ನಿನ್ನ ಅಂಗಡಿಯಿಂದ ಬಂದಿರ್ಬೇಕು,” ಅಂದ.

ಅವಳು ಚಿಮಟದಿಂದ ಒಂದೊಂದನ್ನೇ ಹಿಡಿದು ಸೋಪುನೀರಿಗೆ ಹಾಕಿದಳು. ಸಂದಿಗಳಿಗೆ ಔಷಧಿ ಹೊಡೆಸಿದಳು. ವಾರದೊಳಗೆ ಗುಂಡ ಎದ್ದು ಓಡಾಡಿತು, ಅವಳ ಚಪ್ಪಲಿಯನ್ನೂ ಕಚ್ಚಿತು.

ಬೆಳಗಿನ ಮಾತ್ರೆ ಮಾತ್ರ ಗಂಡನ ಪಾಲಿಗಿತ್ತು. ಅವಳು ಏಳಕ್ಕೇ ಮನೆ ಬಿಡಬೇಕಿತ್ತು. ರಾತ್ರಿಯದೂ ತಾನೇ ಕೊಡುತ್ತೇನೆ ಎಂದು ಅವನು ಹೇಳಿದಾಗ, ಬುದ್ಧಿ ಬಂತೇನೋ ಎಂದುಕೊಂಡು ಮಾತ್ರೆಯ ಪಟ್ಟಿಯನ್ನೇ ಅವನ ಕೈಗಿತ್ತಳು. ಇಪ್ಪತ್ತನೆಯ ದಿನ ಗುಂಡನಿಗೆ ಮತ್ತೆ ಜ್ವರ ಏರಿತು. ಎಡಗಣ್ಣಿನ ಮೇಲೆ ಹಾಲಿನ ಪೊರೆಯಂತೆ ನೀಲಿ ಮಬ್ಬು. ಕಪಾಟಿನಲ್ಲಿ ಹುಡುಕಿದರೆ ಹಿಂದಿನ ಹತ್ತು ದಿನ ಕೊಡಬೇಕಿದ್ದ ಮಾತ್ರೆಯೂ ಹಾಗೇ ಇತ್ತು.

“ಇವನನ್ನ ನಿಲ್ಲಿಸೋ ಪ್ರದರ್ಶನ ಹತ್ರ ಬಂತು,” ಅಂದ ಅವನು. “ಮಾತ್ರೆ ತಿಂದ್ರೆ ವಾಂತಿ, ಮೈ ಇಳಿಯುತ್ತೆ. ಚೆನ್ನಾಗೇ ಇದ್ದನಲ್ಲ?”

ಅವನಿಗೆ ಬಯ್ಯಲು ಹೋದಳು, ಬೈಗುಳ ತನ್ನ ಕಡೆಗೇ ತಿರುಗಿತು. ಎಂಥವನು ಎಂದು ಇಷ್ಟು ವರ್ಷದಿಂದ ಗೊತ್ತಿದ್ದೂ ಮಾತ್ರೆ ಅವನ ಕೈಗೆ ಕೊಟ್ಟವಳು ತಾನೇ. ಗಂಡನನ್ನು ಹೀಯಾಳಿಸುವುದೇ ಒಂದು ಜಾಣತನ ಎಂದುಕೊಂಡಿದ್ದಳು. ಆ ಜಾಣತನದಿಂದ ಗುಂಡನಿಗೆ ಮೂರು ಕಾಸಿನ ಉಪಯೋಗವಾಗಿರಲಿಲ್ಲ. ಹಾಸಿಗೆಯ ಅಂಚಿಗೆ ಕೂತು ಅತ್ತಳು, ಮೂಗು ಒರೆಸಿಕೊಂಡಳು, ಮತ್ತೆ ಆಸ್ಪತ್ರೆಗೆ ಹೊರಟಳು.

ಮಾತ್ರೆ ಮೊದಲಿನಿಂದ ಶುರುವಾಯಿತು. ಈ ಸಲ ಪಟ್ಟಿ ಅವಳ ಕೈಚೀಲದಲ್ಲೇ ಇತ್ತು, ಬೆಳಗಿನದನ್ನೂ ಬೇಗ ಎದ್ದು ತಾನೇ ಕೊಟ್ಟಳು. ಗುಂಡ ಬದುಕಿತು. ಎಡಗಣ್ಣು ಮಾತ್ರ ತಿಳಿಯಾಗಲಿಲ್ಲ.

ಕುರುಡುಗಣ್ಣಿನ ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ಗಂಡ ಎರಡು ಸಲ ಅಂದ. ಮೂರನೆಯ ಸಲ ಅನ್ನಲಿಲ್ಲ. ಒಂದು ಸಂಜೆ ಪೆಟ್ಟಿಗೆಯಲ್ಲಿ ಹೊಸ ಮರಿಯನ್ನೂ ಅದರ ಕಾಗದಪತ್ರವನ್ನೂ ಹೊತ್ತು ತಂದ.

ಅವಳು ಮರಿಯನ್ನು ಎತ್ತಿ ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ನೋಡಿದಳು. ಮುದ್ದಾಗಿತ್ತು, ಅದರ ತಪ್ಪೇನೂ ಇರಲಿಲ್ಲ. ಮೆಲ್ಲಗೆ ಪೆಟ್ಟಿಗೆಯಲ್ಲಿಟ್ಟಳು.

“ಗುಂಡ ಎಲ್ಲೂ ಹೋಗಲ್ಲ. ಇದನ್ನ ಎಲ್ಲಿಂದ ತಂದ್ರೋ ಅಲ್ಲಿಗೇ ಬಿಟ್ಟು ಬನ್ನಿ. ಇದಾದ್ರೂ ಯಾರಾದ್ರೂ ಮನುಷ್ಯರ ಕೈಲಿ ಬೆಳೀಲಿ.”

ಅವನು ಅವಳ ಮುಖ ನೋಡಿದ, ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿದ. ಅವಳು ಗುಂಡನ ತಟ್ಟೆಗೆ ಊಟ ಹಾಕಿ, ಅದಕ್ಕೆ ಕಾಣುವಂತೆ ಬಲಗಡೆಗೆ ಇಟ್ಟಳು.