ಗುತ್ತಿಗೆಗೆ ಮುಂಚಿನ ಒಂದೂವರೆ ತಿಂಗಳು

ಬೆಳಕವಾಡಿಯ ಹತ್ತಿರ ನಮ್ಮ ಮನೆ. ಅಲ್ಲಿ ನಾನು ರೇಷ್ಮೆ ಹುಳು ಸಾಕುತ್ತೇನೆ. ನಮ್ಮ ತೋಟದ ಸೊಪ್ಪು ಸಾಲದೆ ಹೋದಾಗ ಪಕ್ಕದೂರಿನ ಹೆಂಗಸೊಬ್ಬರ ಹಿಪ್ಪುನೇರಳೆ ತೋಟವನ್ನು ಗುತ್ತಿಗೆಗೆ ಕೇಳಿದೆ. ಮಂಡಿನೋವು ಬಂದು ಅವರು ಹುಳು ಸಾಕುವುದನ್ನು ಬಿಟ್ಟಿದ್ದರು. ನನಗಿಂತ ಹಿರಿಯರು, ಅಕ್ಕ ಎನ್ನುತ್ತಿದ್ದೆ.

ಗೌರಿ ಹಬ್ಬ ಕಳೆದ ಮೇಲೆ ಇಬ್ಬರೂ ಮಳವಳ್ಳಿಗೆ ಹೋಗಿ ಪತ್ರ ಬರೆಸಿದೆವು. ಗುತ್ತಿಗೆ ಶುರುವಾಗುವುದು ದೀಪಾವಳಿಯ ನಂತರ. ಆದರೆ ಟೈಪ್ ಮಾಡುವವನು ನಮ್ಮನ್ನು ವಿಚಾರಿಸಿ ಕೊನೆಯಲ್ಲಿ ಎರಡು ಷರತ್ತು ಸೇರಿಸಿದ. ಅಲ್ಲಿಯವರೆಗೆ ಅಕ್ಕ ತೋಟಕ್ಕೆ ಕೀಟನಾಶಕ ಹೊಡೆಸಬಾರದು. ನಾನು ಬೇರೆ ತೋಟ ಹಿಡಿಯಬಾರದು.

"ಮಿಕ್ಕಿದ್ದೆಲ್ಲ ದೀಪಾವಳಿ ಆದ್ಮೇಲೆ. ಇವೆರಡು ಮಾತ್ರ ಸೈನ್ ಆಕಿದ್ ಗಳಿಗೆಯಿಂದ್ಲೇ," ಎಂದ.

"ಗೊತ್ತು ಬುಡಪ್ಪ. ಮದ್ದಿನ ಸೊಪ್ಪು ತಿಂದ್ರೆ ಉಳ ಉಳ್ದಾವಾ?" ಎಂದು ಅಕ್ಕ ಸಹಿ ಹಾಕಿದರು.

ಮೊದಲು ಪೇಚಾಟಕ್ಕೆ ಬಿದ್ದದ್ದು ನಾನೇ. ನಮ್ಮ ಹಿತ್ತಿಲಿಗೆ ಅಂಟಿಕೊಂಡ ಹಿಪ್ಪುನೇರಳೆ ತೋಟದವರು, ಬೇಕಾದರೆ ನಮ್ಮ ತೋಟವನ್ನು ನೀವೇ ಗುತ್ತಿಗೆಗೆ ಮಾಡಿಕೊಳ್ಳಿ ಎಂದು ಹೇಳಿಕಳಿಸಿದರು. ಅಕ್ಕನ ತೋಟದಿಂದ ದಿನಾ ಗಾಡಿಯಲ್ಲಿ ಸೊಪ್ಪು ಹೇರಿ ತರಬೇಕು. ಇದು ಬೇಲಿ ದಾಟಿದರೆ ಸಿಗುತ್ತಿತ್ತು. ಆಗುವುದಿಲ್ಲ ಎಂದೆ.

ದೀಪಾವಳಿಗೆ ಹತ್ತು ದಿನ ಇರುವಾಗ ಅಕ್ಕ ಬಸ್ಸಿನಲ್ಲಿ ಮನೆಗೆ ಬಂದರು. ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ತಪ್ಪಾಗೋಯ್ತು ಕಣಮ್ಮ. ಎಲೆ ಸುತ್ತೋ ಉಳ ಬಿದ್ದು ಕುಡಿಯೆಲ್ಲ ತಿಂತಿತ್ತು. ನೋಡಕ್ಕಾಗ್ದೆ ಮದ್ದು ಒಡುಸ್ಬುಟ್ಟೆ. ಎರಡು ಸಾಲು ಆಗೋ ಒತ್ಗೆ ಸೈನ್ ಆಕಿದ್ದು ನೆಪ್ಪಾಯ್ತು, ನಿಲ್ಸುಸ್ದೆ."

"ಯಾವ ಸಾಲು?"

"ಕಾಲುವೆ ಮಗ್ಗುಲ್ದು. ಗುರುತಿಗೆ ಗಿಡಕ್ಕೆ ಬಟ್ಟೆ ಕಟ್ಟಿವ್ನಿ."

ಅವರು ಹೋದ ಮೇಲೆ ನಮ್ಮ ಯಜಮಾನರು, "ಅವ್ರೇ ಮುರುದವ್ರೆ. ಇನ್ ನಿನ್ಗೇನು ಕಟ್ಟು? ಪಕ್ಕದ್ ತೋಟ ಇಡ್ಕೊ," ಎಂದರು.

ಪತ್ರದ ಪ್ರಕಾರ ಅವರ ಮಾತು ಸರಿಯೇ. ಹಿತ್ತಿಲಿಗೆ ಹೋಗಿ ಆ ತೋಟವನ್ನು ನೋಡುತ್ತ ನಿಂತದ್ದೂ ಹೌದು. ಆದರೆ ಅಕ್ಕ ಬಾಯಿ ಬಿಡದಿದ್ದರೆ, ಹುಳು ಸಾಯುವವರೆಗೂ ನನಗೆ ತಿಳಿಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕನ ತೋಟಕ್ಕೆ ಹೋದೆ. ಬಟ್ಟೆ ಕಟ್ಟದ ಸಾಲುಗಳಲ್ಲಿ ಸುತ್ತಿಕೊಂಡಿದ್ದ ಎಲೆ ಬಿಚ್ಚಿ ನೋಡಿದೆ. ಒಳಗೆ ಹಸಿರು ಹುಳುಗಳು ಜೀವಂತವಾಗಿದ್ದವು. ಅಲ್ಲಿಗೆ ಮದ್ದು ಬಿದ್ದಿರಲಿಲ್ಲ, ಅಕ್ಕ ಹೇಳಿದ್ದು ನಿಜ. ಮದ್ದು ಹೊಡೆದ ಎರಡು ಸಾಲನ್ನೂ, ಗಾಳಿಗೆ ತಗುಲಿರಬಹುದೆಂದು ಮೂರನೆಯದನ್ನೂ ಬುಡಕ್ಕೆ ಕಡಿಸಿದೆವು. ಮಿಕ್ಕ ಗಿಡಗಳ ಹುಳು ಬಿದ್ದ ಕುಡಿಗಳನ್ನು ಇಬ್ಬರೂ ಮೂರು ದಿನ ಕೈಯಲ್ಲೇ ಚಿವುಟಿದೆವು. ಕೂತರೆ ಏಳಲಾಗದ ಅಕ್ಕ ನಿಂತೇ ಚಿವುಟಿದರು.

ದೀಪಾವಳಿ ಕಳೆದು ಗುತ್ತಿಗೆ ಶುರುವಾಯಿತು. ಸೊಪ್ಪು ಕಮ್ಮಿಯಿದ್ದುದರಿಂದ ಮೊದಲ ಬೆಳೆಗೆ ಎಂದಿನ ಅರ್ಧದಷ್ಟೇ ರೇಷ್ಮೆ ಮೊಟ್ಟೆ ತಂದೆ. ಅಕ್ಕನ ತೋಟದ ಸೊಪ್ಪನ್ನು ಮೊದಲು ನಾಲ್ಕಾರು ಹುಳುಗಳಿಗಷ್ಟೇ ಹಾಕಿ ಒಂದು ದಿನ ಕಾದೆ. ಯಾವುದಕ್ಕೂ ಏನೂ ಆಗಲಿಲ್ಲ.

ಹುಳುಗಳು ಚಂದ್ರಿಕೆಯ ಬಿದಿರು ತಟ್ಟೆಗಳಲ್ಲಿ ಗೂಡು ಕಟ್ಟತೊಡಗಿದಾಗ ಅಕ್ಕ ನೋಡಲು ಬಂದರು. ಹಿತ್ತಿಲಾಚೆಯ ತೋಟವನ್ನು ಆಗಲೇ ಬೇರೆ ಯಾರೋ ಹಿಡಿದಿದ್ದರು. ಅಕ್ಕ ಒಂದು ಗೂಡನ್ನು ಬೆರಳ ತುದಿಯಲ್ಲಿ ಮುಟ್ಟಿ, "ಇನ್ನೂ ಎರಡು ದಿನ ಬುಡು, ಅಲ್ಲಾಡುಸ್ಬೇಡ," ಎಂದರು. ಅವರಿಗೆ ಕಾಫಿ ಇಡಲು ಒಳಗೆ ಹೋದೆ.