ಗಟ್ಟಿ ಹೆಂಗಸು ಮತ್ತು ಖಾನಾಪುರದ ಬಿಸಿನೀರು

ಹೆಣ ತೊಳೆಯುವಾಗ ನನಗೆ ಅಳು ಬರುವುದಿಲ್ಲ.

ಬೆಳಿಗ್ಗೆ ಚಹಾ ಕುಡಿಯುತ್ತ ಈ ಅಂಕಣ ಓದುವವರು ಕ್ಷಮಿಸಬೇಕು. ಈ ವಾರ ಬೇರೆ ಏನನ್ನೂ ಬರೆಯಲು ಮನಸ್ಸಿಲ್ಲ. (ಶಾಲೆಯ ಇನ್‌ಸ್ಪೆಕ್ಷನ್ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅದು ಎಲ್ಲಿಗೂ ಓಡಿಹೋಗುವುದಿಲ್ಲ ಬಿಡಿ.)

ನಾನು ಕನ್ನಡ ಶಾಲೆಯ ಟೀಚರ್ ಎಂಬುದು ನಿಮಗೆ ಗೊತ್ತು. ಗೊತ್ತಿಲ್ಲದ್ದು ಇದು: ಬೆಳಗಾವಿಯ ಅನಗೋಳದಲ್ಲಿ ನಮ್ಮ ಮುಸಲ್ಮಾನರ ಮನೆಗಳಲ್ಲಿ ಯಾವುದೇ ಹೆಂಗಸು ತೀರಿಕೊಂಡರೂ ಕೊನೆಯ ಸ್ನಾನ ಮಾಡಿಸಲು ನನ್ನನ್ನೇ ಕರೆಯುತ್ತಾರೆ. ನಮ್ಮಲ್ಲಿ ಹೆಂಗಸರನ್ನು ಹೆಂಗಸರೇ ತೊಳೆಯಬೇಕು. ಬಾರೆಹಣ್ಣಿನ ಗಿಡದ ಎಲೆ ಹಾಕಿ ಕಾಯಿಸಿದ ನೀರು, ಕೊನೆಗೆ ಕರ್ಪೂರ. ಬಲಗಡೆಯಿಂದ ಶುರು ಮಾಡಬೇಕು. ಕೈ ಮೆತ್ತಗಿರಬೇಕು, ಬಾಯಿ ಮುಚ್ಚಿರಬೇಕು, ಕಂಡದ್ದನ್ನು ಹೊರಗೆ ಆಡಬಾರದು. ಹತ್ತು ವರ್ಷಗಳಿಂದ ಮಾಡುತ್ತಿದ್ದೇನೆ. ಓಣಿಯವರು ನನ್ನನ್ನು ‘ಗಟ್ಟಿ ಹೆಂಗಸು’ ಎನ್ನುತ್ತಾರೆ. ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಕೆಲವು ತಿಂಗಳ ಹಿಂದೆ ಒಂದು ಮಧ್ಯಾಹ್ನ ಇಪ್ಪತ್ತೆರಡು ವರ್ಷದ ಬಾಣಂತಿಯೊಬ್ಬಳನ್ನು ತೊಳೆದೆ. ಅವಳ ತಾಯಿ ಹೊಸ್ತಿಲ ಮೇಲೆ ಕುಳಿತು ಹಣೆ ಬಡಿದುಕೊಳ್ಳುತ್ತಿದ್ದರು. ನಾನು ಕಫನ್ ಬಟ್ಟೆ ಸುತ್ತಿ, ಗಂಟು ಹಾಕಿ, ಮನೆಗೆ ಬಂದು ಸ್ನಾನ ಮಾಡಿದೆ. ಬೆಳಗಿನ ರೊಟ್ಟಿಗೆ ಉಪ್ಪಿನಕಾಯಿ ಹಚ್ಚಿಕೊಂಡು ತಿಂದೆ. ನಾಲ್ಕನೆಯ ಇಯತ್ತೆಯ ಶುದ್ಧಬರಹದ ನೋಟ್‌ಬುಕ್ ತಿದ್ದುತ್ತ ಕುಳಿತೆ.

ಬಾಜೂ ಮನೆಯ ಶಾಂತವ್ವ ಚಹಾ ತಂದಿಟ್ಟಳು. ಲಿಂಗಾಯತರ ಹೆಣ್ಣುಮಗಳು, ಸಾವಿನ ಮನೆಗೆ ಹೋಗಿ ಬಂದ ದಿನ ನಾನು ಸ್ಟೋ ಹಚ್ಚುವುದಿಲ್ಲ ಎಂದು ಅವಳಿಗೆ ಗೊತ್ತು. ಲೋಟ ಇಟ್ಟವಳು ಹೋಗದೆ ನಿಂತಳು.

“ಟೀಚರ್, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮಗ ಏನೂ ಅನ್ಸಂಗಿಲ್ಲೇನ್ರಿ?”

“ಏನ ಅನ್ಸಬೇಕು?”

“ಅಲ್ರೀ, ಆ ಹುಡುಗಿ ನಿಮ್ಮ ಸಾಲ್ಯಾಗ ಕಲತಾಕಿ ಅಲ್ಲೇನ್ರಿ?”

ಹೌದು. ನನ್ನ ಕ್ಲಾಸಿನಲ್ಲೇ ಮೂರು ವರ್ಷ ಕುಳಿತವಳು. ಎಡಗೈಯಲ್ಲಿ ಬರೆಯುತ್ತಿದ್ದಳು. ಆ ಎಡಗೈಯನ್ನು ನಾನೇ ತೊಳೆದಿದ್ದೆ. ತೊಳೆಯುವಾಗ ನನಗದು ನೆನಪೇ ಆಗಿರಲಿಲ್ಲ.

ಕೆಂಪು ಪೆನ್ನಿಗೆ ಟೊಪ್ಪಿಗೆ ಹಾಕಿದೆ. ಇದೇನಾಗಿದೆ ನನಗೆ?

ಯಾವಾಗ ಆಯಿತು ಎಂಬುದು ಮಾತ್ರ ಚೆನ್ನಾಗಿ ಗೊತ್ತು. ಹದಿನಾರು ವರ್ಷಗಳ ಹಿಂದೆ, ಖಾನಾಪುರದಲ್ಲಿ.

ನನ್ನನ್ನು ಕೊಟ್ಟಿದ್ದು ಅಲ್ಲಿಗೆ. ಗಂಡ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮನೆಗೆ ಬಂದರೆ ಕೂದಲಲ್ಲಿ, ಹುಬ್ಬಿನಲ್ಲಿ ಕೆಂಪು ಧೂಳು. ಮೂರೇ ವರ್ಷದ ಸಂಸಾರ. ಕಾಮಾಲೆ ಬಂತು, ಹದಿನೈದು ದಿನದಲ್ಲಿ ಹೋಗಿಬಿಟ್ಟರು.

ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಗಂಡನ ಮನೆಯಲ್ಲೇ ಇದ್ದು ದುಃಖ ಕಳೆಯಬೇಕು. ನಮ್ಮಲ್ಲಿ ಅದಕ್ಕೆ ಇದ್ದತ್ ಎನ್ನುತ್ತಾರೆ. ಅದು ನಿಯಮವೂ ಹೌದು, ಅವಳ ಹಕ್ಕೂ ಹೌದು. ಅಷ್ಟು ದಿನ ಅವಳನ್ನು ಆ ಮನೆಯಿಂದ ಯಾರೂ ಎಬ್ಬಿಸುವಂತಿಲ್ಲ. ನನ್ನ ಅತ್ತೆ ನಲವತ್ತನೆಯ ದಿನದ ಊಟ ಮುಗಿಸಿ ಮರುದಿನವೇ ನನ್ನ ಟ್ರಂಕನ್ನು ಅಂಗಳಕ್ಕೆ ತಂದಿಟ್ಟರು.

“ನನ್ನ ಮಗನ್ನ ತಿಂದಿ. ಇನ್ನ ಈ ಮನ್ಯಾಗ ಏನ ಉಳದೈತಿ ತಿನ್ನಾಕ? ನಡಿ.”

(ನಾವು ಮನೆಯಲ್ಲಿ ಆಡುವುದು ದಖನಿ ಉರ್ದು. ನಿಮಗಾಗಿ ಊರ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಈಕೆಯ ಮುಂದೆ ಮಾತ್ರ ಅಳಬಾರದು ಎಂದು ಅಂಗಳದಲ್ಲಿ ನಿಂತು ಹಲ್ಲು ಕಚ್ಚಿದೆ. ಅಳಲಿಲ್ಲ. ಬಸ್ಸಿನಲ್ಲಿ ಅಳಬಹುದಿತ್ತು, ಆಗಲೂ ಬರಲಿಲ್ಲ. ಬೆಳಗಾವಿಯ ಅಣ್ಣನ ಮನೆಯಲ್ಲಿ ಕಟ್ಟಿಗೆ ಒಟ್ಟುವ ಕೋಣೆಯಲ್ಲಿ ಉಳಿದ ಮೂರು ತಿಂಗಳು ಕಳೆದೆ. ಅಲ್ಲಿಯೂ ಬರಲಿಲ್ಲ. ಆಮೇಲೆ ಟ್ರೇನಿಂಗ್, ನೌಕರಿ, ಅನಗೋಳದ ಈ ಎರಡು ಕೋಣೆ. ಅಣ್ಣ ಮೀರಜಿಗೆ ಹೋದ. ನಾನು ಬೀಗ ಹಾಕುವುದು, ಬೀಗ ತೆಗೆಯುವುದು. ಮನೆಯಲ್ಲಿ ಎರಡನೆಯ ತಾಟನ್ನು ತೊಳೆದು ವರ್ಷಗಳಾಗಿದ್ದವು.

ಇನ್ನೊಂದು ವಿಷಯ ಹೇಳಬೇಕು. ಆ ಬಾಣಂತಿ ಸಾಯುವ ಮೂರು ತಿಂಗಳ ಮೊದಲು ಖಾನಾಪುರದಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂದಿತ್ತು. ಬರೆದವಳು ನನ್ನ ನಾದಿನಿ ಮುಮತಾಜ್. ತನ್ನ ಗಂಡ ತೀರಿಕೊಂಡ ಮೇಲೆ ಅವಳು ತವರಲ್ಲೇ ಇದ್ದಾಳೆ. “ಅಮ್ಮಿಗೆ ಲಕ್ವಾ ಹೊಡೆದಿದೆ, ಬಲಭಾಗ ಬಿದ್ದುಹೋಗಿದೆ. ನಿಮಗೆ ತಿಳಿಸಬೇಕು ಅನ್ನಿಸಿತು, ಅಷ್ಟೇ.” ಬಾ ಎಂದಿರಲಿಲ್ಲ.

ಪತ್ರ ಓದಿ ನನಗೆ ಖುಷಿಯಾಯಿತು.

ಬರೆಯಲು ನಾಚಿಕೆ. ಆದರೂ ಖುಷಿಯಾಯಿತು. ಐದು ಹೊತ್ತು ನಮಾಜ್ ಮಾಡುವವಳು, ರಂಜಾನಿನ ರೋಜಾ ತಪ್ಪಿಸದವಳು, ಒಬ್ಬ ಮುದುಕಿಗೆ ಲಕ್ವಾ ಹೊಡೆದ ಸುದ್ದಿ ಓದಿ ಹಾಯಾಗಿ ಉಸಿರು ಬಿಟ್ಟೆ. ಪತ್ರವನ್ನು ಬಿಸ್ಕೀಟಿನ ಡಬ್ಬಿಗೆ ಹಾಕಿದೆ. ಉತ್ತರ ಬರೆಯಲಿಲ್ಲ.

ಶಾಂತವ್ವ ಕೇಳಿದ ಮರುದಿನ ಬೀಬಿಜಾನ್ ಖಾಲಾ ಹತ್ತಿರ ಹೋದೆ. ಮಸೀದಿಯ ಹಿಂದಿನ ಓಣಿಯಲ್ಲಿ ಹೆಣ್ಣುಮಕ್ಕಳಿಗೆ ಅರಬ್ಬೀ ಕಲಿಸುವ ಮುದುಕಿ. ಹೆಣ ತೊಳೆಯುವುದನ್ನು ನನಗೆ ಕಲಿಸಿದ್ದೂ ಅವರೇ. ಕಣ್ಣಿಗೆ ಪೊರೆ ಬಂದಿದೆ. ಧ್ವನಿ ಮಾತ್ರ ಕಂಚು.

“ಖಾಲಾ, ದುವಾ ಮಾಡಾಕ ಕೈ ಎತ್ತತೀನಿ. ಬಾಯಿ ತನ್ನ ಪಾಡಿಗೆ ಹೇಳತೈತಿ. ಒಳಗ ಏನೂ ಅಲ್ಲಾಡಂಗಿಲ್ಲ. ಕಲ್ಲಾಗೈತಿ.”

ಸಮಾಧಾನ ಹೇಳುತ್ತಾರೆಂದುಕೊಂಡಿದ್ದೆ. ಅವರು ತಲೆಯಾಡಿಸಿದರು.

“ಆಗಿರತೈತಿ. ನಮಾಜ್ ಮುಗಿಸಿ ಒಲಿ ಮ್ಯಾಲ ಹಾಲ ಇಟ್ಟಾಕಿಹಂಗ ಎದ್ದ ಓಡತೀ ಅಲ್ಲ, ಅದನ್ನ ಬಿಡು. ಅಸರ್ ಆದಮ್ಯಾಲ ಸ್ವಲ್ಪ ಹೊತ್ತು ಅಲ್ಲೇ ಕುಂದ್ರು. ಏನೂ ಬೇಡಬ್ಯಾಡ. ಯಾರ ತಪ್ಪೂ ತೆಗೀಬ್ಯಾಡ. ನೀ ಸತ್ತೀ ಅಂತ ತಿಳಕೋ. ಹೆಣಾ ತೊಳ್ಯೂ ಫಳಿ ಮ್ಯಾಲ ಮಲಗಿಸ್ಯಾರ. ನಿನ್ನ ಯಾರ ತೊಳ್ಯಾಕ ಹತ್ಯಾರ, ಮಾರಿ ನೋಡು.”

“ಯಾರದೂ ಕಾಣಸಲಿಲ್ಲಂದ್ರ?”

“ಕಾಣಸೂತನಕ ಕುಂದ್ರು.”

ಕುಳಿತೆ. ಶಾಲೆಯಿಂದ ಬಂದು, ಸಂಜೆಗೆ ಮೊದಲಿನ ಆ ನಮಾಜ್ ಮುಗಿಸಿ, ನಮಾಜಿನ ಚಾಪೆ ಜಾನಮಾಜ್ ಮೇಲೆಯೇ ಕಣ್ಣು ಮುಚ್ಚಿ ಕುಳಿತೆ. ಮೊದಲ ದಿನ ಏನು ಕಂಡಿತು ಗೊತ್ತೆ? ರೇಶನ್ ಅಂಗಡಿಯ ಕ್ಯೂ. ಎರಡನೆಯ ದಿನ ಹೆಡ್‌ಮಾಸ್ತರರ ಮುಖ. (ಅವರು ನನ್ನನ್ನು ತೊಳೆಯುವುದಂತೂ ಸಾಧ್ಯವಿಲ್ಲ.) ನಗು ಬಂದು ಎದ್ದುಬಿಟ್ಟೆ.

ಒಂದು ವಾರವಾದ ಮೇಲೆ ನಗು ನಿಂತಿತು. ಫಳಿ ಕಾಣಿಸತೊಡಗಿತು. ನೀರು ಕಾಣಿಸಿತು. ನಾನು ಮಲಗಿದ್ದೇನೆ. ಮೈಮೇಲೆ ಎರಡು ಕೈಗಳು ಓಡಾಡುತ್ತಿವೆ. ಆ ಕೈಗಳು ನನ್ನವೇ ಥರ: ಚುರುಕು, ಸ್ವಚ್ಛ, ತಣ್ಣಗೆ. ಕೆಲಸ ಮುಗಿಸಿ ಮನೆಗೆ ಹೋಗಿ ರೊಟ್ಟಿ ತಿನ್ನುವ ಕೈಗಳು. ಮುಖವಿಲ್ಲ. ಅಣ್ಣನ ಹೆಂಡತಿಯ ಮುಖ ತರಲು ನೋಡಿದೆ, ಬರಲಿಲ್ಲ. ಶಾಂತವ್ವನದು ಬಂತು, ಆದರೆ ಅವಳು ಬಾಗಿಲಾಚೆ ನಿಂತಿದ್ದಳು. ನನಗಾಗಿ ಒಳಗೆ ಬರುವವರು ಈ ಬೆಳಗಾವಿಯಲ್ಲಿ ಯಾರೂ ಇರಲಿಲ್ಲ. ಅಂಥ ಒಂಟಿತನವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಜಾನಮಾಜಿನ ಅಂಚನ್ನು ಹಿಡಿದುಕೊಂಡು ಕುಳಿತಿದ್ದೆ.

ಎಷ್ಟನೆಯ ದಿನವೋ, ಒಂದು ಮುಖ ಬಂತು. ಕರೆಯದೆ ಬಂತು.

ಅತ್ತೆಯದು.

ಮದುವೆಯಾದ ಮೊದಲ ಚಳಿಗಾಲ ನನಗೆ ಟೈಫಾಯ್ಡ್ ಆಗಿತ್ತು. ತಿಂಗಳುಗಟ್ಟಲೆ ಹಾಸಿಗೆ. ಕೂದಲು ಜಡೆಗಟ್ಟಿ ಹಗ್ಗವಾಗಿತ್ತು. ಕತ್ತರಿಸಿ ಹಾಕಿರಿ ಎಂದು ಎಲ್ಲರೂ ಹೇಳಿದರು. ಅತ್ತೆ ಒಂದು ಬಟ್ಟಲು ಎಣ್ಣೆ ಇಟ್ಟುಕೊಂಡು, ನನ್ನ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಇಡೀ ಮಧ್ಯಾಹ್ನ ಒಂದೊಂದೇ ಎಳೆ ಬಿಡಿಸಿದ್ದರು. ಬೈಯುತ್ತಲೇ ಬಿಡಿಸಿದ್ದರು. ಹದಿನಾರು ವರ್ಷ ಟ್ರಂಕನ್ನು ನೆನಪಿಟ್ಟವಳು ಈ ಮಧ್ಯಾಹ್ನವನ್ನು ಎಲ್ಲಿ ಇಟ್ಟಿದ್ದೆ?

ಆಮೇಲೆ ಇನ್ನೊಂದು ಹೊಳೆಯಿತು. ಆ ನಲವತ್ತು ದಿನಗಳಲ್ಲಿ ಬಂದವರೆಲ್ಲ ನನ್ನ ಕೈ ಹಿಡಿದು ಅತ್ತರು. ಎಳೆಯ ವಿಧವೆ, ಪಾಪ ಎಂದರು. ಇದ್ದ ಒಬ್ಬನೇ ಮಗನನ್ನು ಕಳೆದುಕೊಂಡ ಹೆಂಗಸು ಹಿತ್ತಲಲ್ಲಿ ಒಬ್ಬಳೇ ಪಾತ್ರೆ ತಿಕ್ಕುತ್ತಿದ್ದಳು. ನಾನು ಒಮ್ಮೆಯೂ ಎದ್ದು ಹೋಗಿ ಬಾಜೂ ಕುಳಿತಿರಲಿಲ್ಲ.

ಹಾಗಾದರೆ ಆಕೆ ಮಾಡಿದ್ದು ಸರಿಯೇ? ಅಲ್ಲ. ಇವತ್ತಿಗೂ ಅಲ್ಲ. ಆದರೆ ಅದರ ಪಕ್ಕದಲ್ಲಿ ಈಗ ಇನ್ನೊಂದು ಸಂಗತಿ ಬಂದು ಕುಳಿತಿತ್ತು. ಎಬ್ಬಿಸಲು ಆಗುತ್ತಿರಲಿಲ್ಲ.

ಹೋದ ರವಿವಾರ ಖಾನಾಪುರದ ಕೆಂಪು ಬಸ್ಸು ಹತ್ತಿದೆ. ಬೆಳಗಿನ ಹೊತ್ತು, ರವಿವಾರದ ಧಾರಾವಾಹಿ ನೋಡಲು ಊರೆಲ್ಲ ಟೀವಿ ಇದ್ದವರ ಮನೆಯಲ್ಲಿ ತುಂಬಿಕೊಂಡಿತ್ತು. ಬಸ್ಸಿನಲ್ಲಿ ನಾನು, ಕಂಡಕ್ಟರ್, ಇಬ್ಬರು ಮುದುಕರು. ಮಲಪ್ರಭೆಯ ಸೇತುವೆ ಬಂದಾಗ ಇಳಿದು ವಾಪಸ್ ಹೋಗಿಬಿಡಲೇ ಎನ್ನಿಸಿತು. ಸೇತುವೆಯ ಮೇಲೆ ಬಸ್ಸು ನಿಲ್ಲುವುದಿಲ್ಲ. ಅದೇ ಒಳ್ಳೆಯದಾಯಿತು.

ಬಾಗಿಲು ತೆರೆದ ಮುಮತಾಜ್ “ಭಾಬಿ?” ಎಂದವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಅವಳ ತಲೆಯಲ್ಲೂ ಬಿಳಿಗೂದಲು. ಒಳಗೆ ಹೊರಸಿನ ಮೇಲೆ ಅತ್ತೆ. ಅಷ್ಟು ದೊಡ್ಡ ಹೆಂಗಸು ಇಷ್ಟೇ ಇಷ್ಟು ಆಗಿದ್ದರು. ಬಾಯಿ ಒಂದು ಕಡೆ ಜಾರಿತ್ತು. ನನ್ನನ್ನು ನೋಡಿದರು.

“ಬಂದ್ಯಾ,” ಎಂದರು. ಅಷ್ಟೇ.

ಮುಮತಾಜ್ ಸ್ನಾನಕ್ಕೆ ನೀರು ಕಾಯಿಸಿಟ್ಟಿದ್ದಳು. ಒಬ್ಬಳಿಗೇ ಎತ್ತಿ ಕೂರಿಸಲು ಆಗುವುದಿಲ್ಲವಂತೆ. ಬಾಜೂ ಮನೆಯ ಹೆಂಗಸು ಬರಬೇಕಿತ್ತು, ಟೀವಿ ಮುಗಿಯದೆ ಬರುವುದಿಲ್ಲ. ನಾನು ಸೆರಗು ಸಿಕ್ಕಿಸಿಕೊಂಡೆ. “ನೀ ಕಾಲ ಹಿಡಿ. ನಾ ಹೆಗಲ ಹಿಡೀತೀನಿ.”

ಕೈ ತಾನಾಗಿಯೇ ಶುರು ಮಾಡಿತು. ಬಲಹೆಗಲು, ಬಲತೋಳು, ಪಕ್ಕೆ. ಬಾಯಿ ಮುಚ್ಚಿ, ಮುಖ ನೋಡದೆ. ಸರಸರ ನೀರು ಹಾಕುತ್ತ ಎಡಗಡೆಗೆ ಬಂದೆ.

“ಏ! ನೀರು ಸುಡತಾವ! ಮೆಲ್ಲಕ!”

ಬೆಚ್ಚಿಬಿದ್ದೆ. ಚೊಂಬು ಕೈಯಿಂದ ಜಾರಿತು. ಹತ್ತು ವರ್ಷಗಳಲ್ಲಿ ನಾನು ತೊಳೆದ ಯಾರೂ ನೀರು ಸುಡುತ್ತದೆ ಎಂದಿರಲಿಲ್ಲ. ನನ್ನ ಅಂಗೈ ಕೆಳಗೆ ಚರ್ಮ ಬೆಚ್ಚಗಿತ್ತು. ಪಕ್ಕೆ ಏರುತ್ತಿತ್ತು, ಇಳಿಯುತ್ತಿತ್ತು. ಮುಮತಾಜ್ ತಣ್ಣೀರು ತರಲು ಬಾವಿಯ ಕಡೆ ಓಡಿದಳು.

ನಾವಿಬ್ಬರೇ ಉಳಿದೆವು. ಅತ್ತೆ ಗೋಡೆ ನೋಡುತ್ತ ಕೇಳಿದರು: “ಇದ್ದತ್ ಎಲ್ಲಿ ಮುಗಿಸಿದಿ?”

ಹದಿನಾರು ವರ್ಷದ ಮೇಲೆ ಕೇಳುವ ಮಾತೇ ಇದು?

“ಅಣ್ಣನ ಮನ್ಯಾಗ. ಕಟಗಿ ಕ್ವಾಣ್ಯಾಗ.”

“ಚಾಪಿ ಇತ್ತೇನು?”

“ಇತ್ರಿ ಅಮ್ಮೀ.”

ಆಮೇಲೆ ಜಾರಿದ ಬಾಯಿಯಿಂದ ಒಂದೊಂದೇ ಮಾತು ಹೊರಗೆ ಬಂತು. “ನಾ ದಿನಾ ಎಣಸೀನಿ. ನಾಕ ತಿಂಗಳ ಹತ್ತ ದಿನಾ ಆದ ದಿವಸ ಮುಮತಾಜಗ ಹೇಳೀನಿ, ಇವತ್ತ ಆಕಿದು ಮುಗೀತು ಅಂತ. ಬೇಕಂದ್ರ ಕೇಳು ಆಕಿನ್ನ.”

ನನಗೆ ಅಳು ಬಂತು. ಚೆಂದದ ಅಳುವಲ್ಲ. ಮೂಗು, ಬಾಯಿ ಎಲ್ಲ ಸೇರಿ, ಒದ್ದೆ ನೆಲದ ಮೇಲೆ ಕುಕ್ಕರಿಸಿ, ಮಕ್ಕಳು ಅಳುವ ಹಾಗೆ. ಗಂಡನಿಗಾಗಿ ಅಳು. ಟ್ರಂಕಿಗಾಗಿ ಅಳು. ಎಡಗೈಯಲ್ಲಿ ಬರೆಯುತ್ತಿದ್ದ ಆ ಹುಡುಗಿಗಾಗಿಯೂ ಅಳು. ಎಷ್ಟು ಹೊತ್ತೋ ಗೊತ್ತಿಲ್ಲ.

“ಮದಲ ನನ್ನ ಮೈ ಒರಸು,” ಎಂದರು ಅತ್ತೆ. “ಥಂಡಿ ಹತ್ತೈತಿ. ಆಮ್ಯಾಲ ಅಳಕೋತ ಕುಂದ್ರು.”

ಒರೆಸಿದೆ. ಒರೆಸುತ್ತಲೇ ಹೇಳಿಬಿಟ್ಟೆ: “ಅಮ್ಮೀ, ನಿಮಗ ಲಕ್ವಾ ಆಗೈತಿ ಅಂತ ಕೇಳಿ ನನಗ ಖುಷಿ ಆಗಿತ್ತು.”

ಅವರು ನನ್ನ ಕಡೆ ತಿರುಗಿ ನೋಡಿದರು. “ಆಗಬೇಕಲ್ಲ ಮತ್ತ,” ಎಂದರು.

ಮಾಫಿ ಎಂಬ ಮಾತನ್ನು ಅವರೂ ಆಡಲಿಲ್ಲ, ನಾನೂ ಆಡಲಿಲ್ಲ. ಊಟ ಮಾಡಿದೆ. ಮಧ್ಯಾಹ್ನದ ಜೋಹರ್ ನಮಾಜನ್ನು ಆ ಮನೆಯಲ್ಲೇ ಮಾಡಿದೆ. ಕೈ ಎತ್ತಿದೆ, ಬೇಡಲು ಏನೂ ತೋಚಲಿಲ್ಲ. ಆದರೆ ಒಳಗೆ ಏನೋ ಅಲ್ಲಾಡುತ್ತಿತ್ತು. ಎಲ್ಲ ಸರಿಹೋಯಿತು ಎಂದು ನಿಮಗೆ ಹೇಳುವುದಿಲ್ಲ. ಸಂಜೆ ಮನೆಗೆ ಬಂದರೆ ಅದೇ ಬೀಗ, ಅದೇ ಎರಡು ಕೋಣೆ. ಅಳು ಕಲಿತವಳಿಗೆ ಒಂಟಿತನ ಇನ್ನೂ ಸ್ವಲ್ಪ ಹೆಚ್ಚೇ ಕಾಣಿಸುತ್ತದೆ.

ಖಾನಾಪುರದಿಂದ ಹೊರಡುವಾಗ ನಡೆದದ್ದೊಂದು ಬಾಕಿ ಇದೆ. ಚಪ್ಪಲಿ ಮೆಟ್ಟುತ್ತಿದ್ದೆ. ಒಳಗಿನಿಂದ ಹೊರಸಿನ ಮೇಲಿನ ಧ್ವನಿ ಬಂತು.

“ಬರೂ ಐತವಾರ ತಡಾ ಮಾಡಬ್ಯಾಡ. ಬರೂಮುಂದ ಬೆಳಗಾಂವಿ ಎಲಿ ತಗೊಂಡ ಬಾ. ಈ ಮುಮತಾಜ ತರೂ ಎಲಿ ದನಾ ಸುದ್ದಾ ತಿನ್ನಂಗಿಲ್ಲ.”

ಸೋಮವಾರ ಶಾಲೆ ಬಿಟ್ಟ ಕೂಡಲೇ ಪೇಟೆಗೆ ಓಡಿ ಒಂದು ಕಟ್ಟು ವೀಳ್ಯದೆಲೆ ಕೊಂಡುಬಂದೆ. ಐತವಾರದ ಹೊತ್ತಿಗೆ ಅದು ಬಾಡಿಹೋಗುತ್ತದೆ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು.

ನನ್ನ ಹಾಗೆ ಒಬ್ಬರೇ ಇರುವ ಅಕ್ಕತಂಗಿಯರೇ, ಖರೇ ಹೇಳಿ: ನಿಮಗೆ ಹುಕುಂ ಮಾಡುವವರು ಒಬ್ಬರಾದರೂ ಇದ್ದಾರೆಯೇ?