ಊದಿದರೆ ಹೋಗುವ ಗೆರೆ

ರಾಯಬಾಗದ ಶಾಲೆಯಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿದವಳು ನಾನು. ನಿವೃತ್ತಿಯ ನಂತರವೂ ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಕೂಡುತ್ತೇನೆ. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಇಳಿಸಿಕೊಡುವುದು ಈಗಿನ ಕೆಲಸ. ಕಾಗದದಲ್ಲಿ ಬರೆದ ಚಿತ್ರದ ಗೆರೆಗುಂಟ ಸೂಜಿಯಿಂದ ಒತ್ತೊತ್ತಾಗಿ ತೂತು ಮಾಡಬೇಕು. ಅದನ್ನು ಬಟ್ಟೆಯ ಮೇಲಿಟ್ಟು, ನೀಲಿ ಸೀಮೆಸುಣ್ಣದ ಪುಡಿ ಕಟ್ಟಿದ ತೆಳು ಗಂಟಿನಿಂದ ತಟ್ಟಿದರೆ ಕೆಳಗೆ ಚುಕ್ಕೆಗಳ ಚಿತ್ರ ಮೂಡುತ್ತದೆ. ಸೀಮೆಸುಣ್ಣ ಹಟ ಮಾಡುವುದಿಲ್ಲ. ತಪ್ಪಿದರೆ ಊದಿದರಾಯಿತು. ಪೆನ್ಸಿಲ್ಲಿನ ಗೆರೆ ಕೈಯನ್ನು ಕಟ್ಟಿಹಾಕುತ್ತದೆ. ಈ ಚುಕ್ಕೆಗಳು ದಾರಿ ತೋರಿಸಿ ಸುಮ್ಮನಾಗುತ್ತವೆ. ನವಿಲಿನ ಕೊರಳು ಎಷ್ಟು ಬಾಗಬೇಕೆಂಬುದು ಸೂಜಿ ಹಿಡಿದವಳಿಗೇ ಬಿಟ್ಟದ್ದು.

ಕಳೆದ ಬೇಸಿಗೆಯಲ್ಲಿ ಪಕ್ಕದ ಮನೆಯಾಕೆ ಒಂದು ಬಿಳಿ ಬಟ್ಟೆ ತಂದಳು. ಶೇಡಬಾಳದ ತವರಿನವಳು. ಅಲ್ಲಿಯ ಬಸದಿಯಲ್ಲಿ ಗ್ರಂಥ ಸುತ್ತಿಡಲು ಕೊಡುವ ಬಟ್ಟೆ. ಅಂಚಿಗೆ ನವಿಲು ಬೇಕಿತ್ತು.

“ಅಕ್ಕೋರ, ನಮ್ಮವ್ವ ಹೋಗೂ ಮುಂಚೆ ಕೊಟ್ಟ ಕಡೀ ಅರಬಿ ಇದು. ಜ್ವಾಕಿರಿ,” ಎಂದಳು.

ಮಂಗಳವಾರ ಏಳಕ್ಕೆ ಡಬ್ಬಿ ತೆರೆದರೆ ನೀಲಿ ಮುಗಿದಿತ್ತು. ಬಿಳಿಯ ಮೇಲೆ ಬಿಳಿ ಕಾಣದು. ಅಂಗಡಿ ತೆರೆಯುವುದು ಹತ್ತಕ್ಕೆ. ಏಳರ ಕೆಲಸವನ್ನು ಹತ್ತರವರೆಗೆ ಕಾಯಿಸಿ ನನಗೆ ಅಭ್ಯಾಸವಿಲ್ಲ. ದೇವರ ಗೂಡಿನಲ್ಲಿ ಚಿಂಚಲಿಯಿಂದ ತಂದ ಭಂಡಾರವಿತ್ತು, ನುಣ್ಣನೆಯ ಅರಿಸಿನ. ಅದನ್ನೇ ಗಂಟು ಕಟ್ಟಿ ತಟ್ಟಿದೆ.

ಕಾಗದ ಎತ್ತಿದರೆ ನವಿಲು ಓರೆಯಾಗಿತ್ತು. ಊದಿದೆ, ಕೊಡವಿದೆ. ಹಳದಿ ಹೋಗಲಿಲ್ಲ. ಸಾಬೂನು ಹಚ್ಚಿ ಉಜ್ಜಿದೆ. ಹಳದಿ ಕೆಂಪಾಗಿ ಅಂಗೈಯಗಲ ಹರಡಿತು. ಆ ತಾಯಿ ಇನ್ನೊಂದು ಬಟ್ಟೆ ಕೊಡುವಂತಿರಲಿಲ್ಲ.

ಮುಚ್ಚಿಡುವುದು ನನ್ನಿಂದಾಗದು. ಅವಳ ಮನೆಗೇ ಹೋಗಿ ಬಿಚ್ಚಿ ತೋರಿಸಿದೆ. ಅವಳು ಬಟ್ಟೆ ಕೈಗೆತ್ತಿಕೊಂಡಳು. ಆಮೇಲೆ ಮೂಸಿ ನೋಡಿದಳು.

“ಅಕ್ಕೋರ, ಇದಕ್ಕ ಬಾಣಂತನ ಮಾಡೀರೇನ್ರಿ?”

“ತಪ್ಪಾತವ್ವಾ. ಅರಿಷಿಣ ಅದು, ಹೋಗೂದಿಲ್ಲ.”

“ಯಾಕ ಹೋಗೂದಿಲ್ಲ? ಮೂರು ಹಡದೀನಿ, ಅರಿಷಿಣ ಹತ್ತಿದ ಕೂಸಿನ ಕುಂಚಿಗಿ ಎಷ್ಟ ಒಗದೀನಿ. ಹಸಿ ಮಾಡಿ ಬಿಸಲಿಗೆ ಹಾಕ್ರಿ. ಸಾಲಿ ಕಲಿಸಿದವರಿಗೆ ಇಷ್ಟೂ ಗೊತ್ತಿಲ್ಲಂದ್ರ ಹೆಂಗ್ರಿ.”

ಅಂಗಳದ ಹಗ್ಗಕ್ಕೆ ಹಾಕಿದೆ. ತಾಸಿಗೊಮ್ಮೆ ಹೋಗಿ ನೀರು ಚಿಮುಕಿಸಿದೆ. ಸಂಜೆಗೆ ಕೆಂಪು ಹಳದಿಗೆ ತಿರುಗಿತ್ತು, ಮರುದಿನ ಮಾಸಲು, ಮೂರನೆಯ ದಿನ ಮಧ್ಯಾಹ್ನ ಬಟ್ಟೆ ಬೆಳ್ಳಗಾಗಿತ್ತು. ಅಂದಿನ ಊಟ ರುಚಿಸಿತು.

ನೀಲಿ ಸೀಮೆಸುಣ್ಣ ತಂದು ಮತ್ತೆ ತಟ್ಟಿದೆ. ಅವಳು ಎದುರಿಗೇ ಕೂತಿದ್ದಳು. ಕಾಗದ ಎತ್ತಿದರೆ ನವಿಲು ಈ ಸಲವೂ ತುಸು ಓರೆ. ಅವಳು ನನ್ನ ಮುಖ ನೋಡಿದಳು. ನಾನು ಬಗ್ಗಿ ಊದಿದೆ. ಹೋಯಿತು.